ತಮಗೇ ವೋಟಿಲ್ಲದ ಹೆಂಗಸು 1884ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದು ಹೇಗೆ?

ಅಂಗಳದ ಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂಬತ್ತನೇ ಕ್ಲಾಸು. ಶಾಲೆಯ ಭಾಷಣ ಸ್ಪರ್ಧೆಗೆ ‘ನಾನು ಮೆಚ್ಚಿದ ಮಹಿಳೆ’ ಅಂತ ವಿಷಯ ಕೊಟ್ಟಿದ್ದಾರೆ. ಚೆನ್ನಮ್ಮ, ಓಬವ್ವ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನಾನು ಬೇರೆ ಯಾರನ್ನಾದರೂ ಹುಡುಕುತ್ತೇನೆ ಅಂತ ಹಟ ಹಿಡಿದಳು. ಅವಳು ಹುಡುಕಿ ತಂದ ಹೆಸರು ಬೆಲ್ವಾ ಲಾಕ್‌ವುಡ್. ವಾಷಿಂಗ್ಟನ್‌ನಲ್ಲಿ ವಕೀಲೆಯಾಗಿದ್ದವರು. 1884ರಲ್ಲಿ, ಮತ್ತೆ 1888ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತವರು. ಅಲ್ಲಿ ದೇಶದ ಹೆಂಗಸರಿಗೆಲ್ಲ ವೋಟಿನ ಹಕ್ಕು ಸಿಕ್ಕಿದ್ದು 1920ರಲ್ಲಿ!

ನನಗೆ ಎರಡು ಪ್ರಶ್ನೆ ಇವೆ. ಒಂದು, ವೋಟೇ ಇಲ್ಲದವರು ಚುನಾವಣೆಗೆ ನಿಲ್ಲಲು ಕಾನೂನು ಬಿಟ್ಟಿದ್ದು ಹೇಗೆ? ಎರಡನೆಯದು ಮಗಳು ಕೇಳಿದ್ದು. ‘ಅಮ್ಮ, ಸೋಲ್ತೀನಿ ಅಂತ ಚೆನ್ನಾಗಿ ಗೊತ್ತಿದ್ದೂ ಯಾಕೆ ನಿಂತರು?’ ಅಂದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ‘ಧೈರ್ಯ ಇತ್ತು ಕಣೆ’ ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ತಿಳಿದವರು ಹೇಳಿ.

ವಕೀಲರ ಮನೆ

ಕಾನೂನಿನ ಪ್ರಶ್ನೆ ಸುಲಭ, ಅದನ್ನು ಮೊದಲು ಮುಗಿಸೋಣ. ಅಮೆರಿಕದ ಸಂವಿಧಾನದ ಎರಡನೇ ವಿಧಿಯಲ್ಲಿ ಅಧ್ಯಕ್ಷರಾಗುವವರಿಗೆ ಮೂರೇ ಷರತ್ತು. ಹುಟ್ಟಿನಿಂದಲೇ ಆ ದೇಶದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, 14 ವರ್ಷ ಅಲ್ಲಿ ವಾಸ ಮಾಡಿರಬೇಕು. ಗಂಡಸೇ ಆಗಿರಬೇಕು ಅಂತ ಷರತ್ತಿಲ್ಲ. ಮತದಾರರಾಗಿರಬೇಕು ಅಂತಲೂ ಇಲ್ಲ.

ವೋಟು ಯಾರಿಗೆ ಕೊಡಬೇಕು ಅನ್ನೋದನ್ನು ಆಯಾ ರಾಜ್ಯಗಳು ತೀರ್ಮಾನಿಸುತ್ತಿದ್ದವು. ‘ನಾವೂ ಪ್ರಜೆಗಳಲ್ಲವೇ’ ಅಂತ ವರ್ಜೀನಿಯಾ ಮೈನರ್ ಎಂಬ ಮಹಿಳೆ ಕೋರ್ಟಿಗೆ ಹೋದರು. 1875ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಹೆಂಗಸರು ಪ್ರಜೆಗಳು ಹೌದು, ಆದರೆ ಪ್ರಜೆಯಾದ ಮಾತ್ರಕ್ಕೆ ವೋಟಿನ ಹಕ್ಕು ಬರುವುದಿಲ್ಲ ಅಂತ ತೀರ್ಪು ಕೊಟ್ಟಿತು. ಹಾಗಾಗಿ ವೋಟಿನ ಬಾಗಿಲು ಮುಚ್ಚಿತ್ತು, ನಿಲ್ಲುವ ಬಾಗಿಲಿಗೆ ಬೀಗ ಹಾಕಲು ಯಾರಿಗೂ ತೋಚಿರಲಿಲ್ಲ.

ನಮಗೆ ಇದು ವಿಚಿತ್ರ ಅನ್ನಿಸಲು ಕಾರಣ ಇದೆ. ನಮ್ಮಲ್ಲಿ ಲೋಕಸಭೆಗೆ ನಿಲ್ಲಬೇಕಾದರೆ ಮತದಾರರ ಪಟ್ಟಿಯಲ್ಲಿ ಹೆಸರು ಇರಲೇಬೇಕು. ಅಲ್ಲಿ ಆ ಗಂಟು ಇರಲಿಲ್ಲ.

ಹಳೇಪೇಟೆ

ಒಂದು ನಿಮಿಷ. ಮೊದಲು ನಿಂತವರು ವಿಕ್ಟೋರಿಯಾ ವುಡ್‌ಹಲ್ ಅಲ್ವಾ? 1872ರಲ್ಲೇ! ಮಗಳು ಭಾಷಣದಲ್ಲಿ ‘ಮೊದಲ ಮಹಿಳೆ’ ಅಂತ ಹೇಳಿಬಿಟ್ಟರೆ ತೀರ್ಪುಗಾರರು ನಂಬರ್ ಕಟ್ ಮಾಡುತ್ತಾರೆ.

ನ್ಯೂಜೆರ್ಸಿ ನಿವಾಸಿ

ಹಳೇಪೇಟೆಯವರು ಹೇಳಿದ್ದು ಸರಿ, ಆದರೆ ಪೂರ್ತಿ ಅಲ್ಲ. ವುಡ್‌ಹಲ್ 1872ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ಅಪೊಲೊ ಹಾಲ್‌ನಲ್ಲಿ ಅಭ್ಯರ್ಥಿಯಾದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ನಾಯಕರಾಗಿದ್ದ ಫ್ರೆಡರಿಕ್ ಡಗ್ಲಸ್ ಹೆಸರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಸೂಚಿಸಿದ್ದರು. ಅವರು ಒಪ್ಪಿಕೊಳ್ಳಲೇ ಇಲ್ಲ. ಚುನಾವಣೆಯ ದಿನ ವುಡ್‌ಹಲ್ ಜೈಲಿನಲ್ಲಿದ್ದರು. ಒಬ್ಬ ಹೆಸರುವಾಸಿ ಪಾದ್ರಿಯ ಅಕ್ರಮ ಸಂಬಂಧದ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬರೆದದ್ದಕ್ಕೆ ಅಶ್ಲೀಲತೆಯ ಕೇಸು ಹಾಕಿದ್ದರು.

ಆದರೆ ಅವರು ಹುಟ್ಟಿದ್ದು 1838ರ ಸೆಪ್ಟೆಂಬರ್‌ನಲ್ಲಿ. ಗೆದ್ದಿದ್ದರೂ 1873ರ ಮಾರ್ಚ್‌ನಲ್ಲಿ ಪ್ರಮಾಣ ವಚನದ ಹೊತ್ತಿಗೆ ಅವರಿಗೆ 34. ಕಾನೂನಿನ ಪ್ರಕಾರ ಅಧ್ಯಕ್ಷರಾಗುವಂತಿರಲಿಲ್ಲ. ಲಾಕ್‌ವುಡ್‌ಗೆ 1884ರ ಚುನಾವಣೆಯ ಹೊತ್ತಿಗೆ 54 ತುಂಬಿತ್ತು, ಮೂರೂ ಷರತ್ತು ಸರಿಯಾಗಿದ್ದವು. ಎಣಿಕೆಯಾದ ವೋಟುಗಳ ಲೆಕ್ಕವೂ ಇದೆ. ಅದಕ್ಕೇ ಕೆಲವರು ‘ಪೂರ್ತಿ ಪ್ರಚಾರ ಮಾಡಿ ಚುನಾವಣೆ ಎದುರಿಸಿದ ಮೊದಲ ಮಹಿಳೆ’ ಅಂತ ಲಾಕ್‌ವುಡ್ ಅವರನ್ನೇ ಕರೆಯುತ್ತಾರೆ.

ಹಳೇಪೇಟೆ

ವಯಸ್ಸಿನ ಮಾತು ನನಗೆ ಅಷ್ಟು ರುಚಿಸಲಿಲ್ಲ. ವುಡ್‌ಹಲ್ ಬಗ್ಗೆ ಯಾರಾದರೂ ಹೇಳಿದರೆ ಸಾಕು, ಆರು ತಿಂಗಳು ಕಮ್ಮಿ ಇತ್ತು ಅಂತ ಬಂದುಬಿಡುತ್ತಾರೆ. 1871ರ ಜನವರಿಯಲ್ಲಿ ಅಮೆರಿಕದ ಸಂಸತ್ತಿನ ನ್ಯಾಯಾಂಗ ಸಮಿತಿಯ ಮುಂದೆ ನಿಂತು, ಹೆಂಗಸರಿಗೆ ಸಂವಿಧಾನ ಆಗಲೇ ವೋಟು ಕೊಟ್ಟಿದೆ ಅಂತ ವಾದಿಸಿದವರು ಅವರು. ತಂಗಿಯ ಜೊತೆ ವಾಲ್ ಸ್ಟ್ರೀಟ್‌ನಲ್ಲಿ ಷೇರು ದಲ್ಲಾಳಿ ಕಚೇರಿ ತೆರೆದವರು. ದಾರಿ ಮಾಡಿದವರನ್ನು ಹೀಗೆ ಬದಿಗೆ ತಳ್ಳಬಾರದು.

ನ್ಯೂಜೆರ್ಸಿ ನಿವಾಸಿ

ತಳ್ಳುತ್ತಿಲ್ಲ ಸರ್. ಇನ್ನೂ ಹಿಂದೆ ಹೋದರೆ ಎಲಿಜಬೆತ್ ಕೇಡಿ ಸ್ಟಾಂಟನ್ 1866ರಲ್ಲೇ ನ್ಯೂಯಾರ್ಕ್‌ನಿಂದ ಸಂಸತ್ತಿನ ಕೆಳಮನೆಗೆ ನಿಂತಿದ್ದರು. ಬಿದ್ದ ವೋಟು 24. ಇಪ್ಪತ್ತನಾಲ್ಕೇ!

ಅಂಗಳದ ಮಲ್ಲಿಗೆ

‘ಮೊದಲ ಮಹಿಳೆ’ ಅನ್ನೋದನ್ನು ತೆಗೆಸಿದೆ. ಇಬ್ಬರಿಗೂ ಧನ್ಯವಾದ. ವುಡ್‌ಹಲ್ ಹೆಸರೂ ಒಂದು ಸಾಲಿನಲ್ಲಿ ಬರುತ್ತದೆ.

ತುಂಗಾ ತೀರ

ಬೆಲ್ವಾ ಲಾಕ್‌ವುಡ್ ಬಗ್ಗೆ ನಾನು ತುಂಬಾ ಓದಿಕೊಂಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಅವರ ಚುನಾವಣೆಯನ್ನು ಮಾತ್ರ ನೋಡಿದರೆ ನಿಮ್ಮ ಮಗಳ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅದಕ್ಕಿಂತ ಹಿಂದಿನದನ್ನು ನೋಡಬೇಕು.

ಹುಟ್ಟಿದ್ದು 1830ರಲ್ಲಿ, ನ್ಯೂಯಾರ್ಕ್ ರಾಜ್ಯದ ರಾಯಲ್ಟನ್ ಎಂಬ ಹಳ್ಳಿಯಲ್ಲಿ. ರೈತರ ಮನೆ. 14ನೇ ವಯಸ್ಸಿಗೇ ಶಾಲೆಯಲ್ಲಿ ಪಾಠ ಹೇಳಲು ಹೋದರು. ಅದೇ ಕೆಲಸಕ್ಕೆ ಗಂಡು ಮೇಷ್ಟ್ರಿಗೆ ಸಿಗುತ್ತಿದ್ದ ಸಂಬಳದ ಅರ್ಧ ಇವರಿಗೆ. 18ಕ್ಕೆ ಮದುವೆ. ನಾಲ್ಕೈದು ವರ್ಷದಲ್ಲಿ ಗಂಡ ತೀರಿಕೊಂಡರು. ಕೈಯಲ್ಲಿ ಪುಟ್ಟ ಹೆಣ್ಣುಮಗು. ಆ ಮಗುವನ್ನು ಅಪ್ಪ ಅಮ್ಮನ ಹತ್ತಿರ ಬಿಟ್ಟು ಕಾಲೇಜಿಗೆ ಸೇರಿ 1857ರಲ್ಲಿ ಪದವಿ ಮುಗಿಸಿದರು. ಒಂದು ಶಾಲೆಗೆ ಮುಖ್ಯೋಪಾಧ್ಯಾಯಿನಿಯಾದರು. 1866ರಲ್ಲಿ ವಾಷಿಂಗ್ಟನ್‌ಗೆ ಹೋದರು. ಅಲ್ಲಿ ಎಜೆಕಿಯಲ್ ಲಾಕ್‌ವುಡ್ ಎಂಬ ಹಿರಿಯರನ್ನು ಎರಡನೇ ಮದುವೆಯಾದರು. ಆತ ಪಾದ್ರಿಯೂ ಹೌದು, ಹಲ್ಲಿನ ಡಾಕ್ಟರೂ ಹೌದು. ಹೆಂಡತಿ ಕಾನೂನು ಓದುತ್ತೇನೆ ಅಂದರೆ ಬೆನ್ನಿಗೆ ನಿಂತ ಗಂಡ.

ಮೊದಲು ಅರ್ಜಿ ಹಾಕಿದ ಕಾನೂನು ಕಾಲೇಜು ಸೇರಿಸಿಕೊಳ್ಳಲಿಲ್ಲ. ನೀವು ಬಂದರೆ ಹುಡುಗರ ಗಮನ ಹಾಳಾಗುತ್ತದೆ ಅಂದರು. ಆಗ ಅವರಿಗೆ ಹತ್ತಿರ ಹತ್ತಿರ ನಲವತ್ತು ವರ್ಷ! ಆಮೇಲೆ ನ್ಯಾಷನಲ್ ಯೂನಿವರ್ಸಿಟಿ ಲಾ ಸ್ಕೂಲ್‌ನಲ್ಲಿ 15 ಮಂದಿ ಹೆಂಗಸರಿಗೆ ಸೀಟು ಕೊಟ್ಟರು. ಕೊನೆಯವರೆಗೆ ಉಳಿದವರು ಇಬ್ಬರೇ. 1873ರಲ್ಲಿ ಓದು ಮುಗಿಯಿತು, ಆದರೆ ಡಿಪ್ಲೊಮಾ ಕೊಡಲಿಲ್ಲ. ಹೆಂಗಸರ ಜೊತೆ ಒಂದೇ ವೇದಿಕೆಯಲ್ಲಿ ಪದವಿ ತಗೊಳ್ಳಲು ಗಂಡು ವಿದ್ಯಾರ್ಥಿಗಳು ಒಪ್ಪಲಿಲ್ಲ. ಡಿಪ್ಲೊಮಾ ಇಲ್ಲದೆ ವಕೀಲಿಕೆ ಇಲ್ಲ.

ದೇಶದ ಅಧ್ಯಕ್ಷ ಗ್ರಾಂಟ್ ಆ ಕಾಲೇಜಿಗೂ ಗೌರವ ಅಧ್ಯಕ್ಷರಾಗಿದ್ದರು. ಅವರಿಗೇ ಪತ್ರ ಬರೆದರು. ನೀವು ಈ ಕಾಲೇಜಿನ ಅಧ್ಯಕ್ಷರೋ ಅಲ್ಲವೋ? ಹೌದಾದರೆ ನನ್ನ ಡಿಪ್ಲೊಮಾ ಕೊಡಿ, ಅಲ್ಲವಾದರೆ ಕಾಲೇಜಿನ ಕಾಗದ ಪತ್ರದಿಂದ ನಿಮ್ಮ ಹೆಸರು ತೆಗೆಸಿ, ಅಂತ ಅದರ ಸಾರ. ಗ್ರಾಂಟ್ ಉತ್ತರ ಬರೆಯಲಿಲ್ಲ. ಸ್ವಲ್ಪ ದಿನದಲ್ಲೇ ಡಿಪ್ಲೊಮಾ ಬಂತು.

ಸೌತೆಬಳ್ಳಿ

ಆ ಪತ್ರದ ಭಾಗ ಭಾಷಣದಲ್ಲಿ ಇರಲೇಬೇಕು. ಓದಿ ರೋಮಾಂಚನ ಆಯಿತು.

ಗರಗಸ

ಹುಡುಗರ ಗಮನ ಹಾಳಾಗುತ್ತದೆ ಅನ್ನೋ ಮಾತು ಓದಿ ಎದೆ ಚುರ್ ಅಂತು. ನಾನು 1990ರ ದಶಕದಲ್ಲಿ ಐಟಿಐಗೆ ಫಿಟ್ಟರ್ ಟ್ರೇಡ್ ಕೇಳಲು ಹೋಗಿದ್ದೆ. ಅಪ್ಪನ ವೆಲ್ಡಿಂಗ್ ಅಂಗಡಿಯಲ್ಲಿ ಬೆಳೆದವಳು, ಅರ, ಗರಗಸ ಕೈಗೆ ಅಭ್ಯಾಸ ಇತ್ತು. ಕೌಂಟರಿನಲ್ಲಿ ಕೂತಿದ್ದವರು ಅರ್ಜಿಯನ್ನೇ ಕೊಡಲಿಲ್ಲ. ‘ಅಲ್ಲಿ ಎಲ್ಲ ಹುಡುಗರೇ ಇರ್ತಾರಮ್ಮ, ನೀನು ಹೊಲಿಗೆಗೆ ಸೇರು’ ಅಂದರು. ನಾನು ಸುಮ್ನೆ ವಾಪಸ್ ಬಂದೆ. ಹೊಲಿಗೆಯನ್ನೇ ಕಲಿತೆ, ಅದರಲ್ಲೇ ಬದುಕು ಕಟ್ಟಿಕೊಂಡೆ, ಬೇಜಾರಿಲ್ಲ. ಆದರೆ ಅವತ್ತು ಮೇಲಿನವರಿಗೆ ಒಂದು ಪತ್ರ ಬರೆಯಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಬಯಲುಸೀಮೆ

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಬೇರೆ ಮಾತು ಹೇಳುತ್ತೇನೆ, ಬೈಯಬೇಡಿ. ವಕೀಲೆಯಾಗಿ ಅವರು ದೊಡ್ಡವರು, ಒಪ್ಪಿದೆ. ಆದರೆ ಆ ಚುನಾವಣೆಯಿಂದ ಏನಾಯಿತು? ಒಟ್ಟು ಬಿದ್ದಿದ್ದು ಸುಮಾರು 1 ಕೋಟಿ ವೋಟು. ಅದರಲ್ಲಿ ಇವರಿಗೆ 4,149. ನಮ್ಮೂರಿನ ತಾಲ್ಲೂಕು ಪಂಚಾಯಿತಿಯಲ್ಲಿ ಸೋತವರೂ ಅಷ್ಟು ತಗೊಳ್ಳುತ್ತಾರೆ. ಹೆಂಗಸರ ವೋಟಿಗಾಗಿ ವರ್ಷಗಟ್ಟಲೆ ಊರೂರು ತಿರುಗಿದವರು ಸೂಸನ್ ಆಂಟನಿ, ಸ್ಟಾಂಟನ್. ಅವರೇ ಲಾಕ್‌ವುಡ್‌ಗೆ ಬೆಂಬಲ ಕೊಡಲಿಲ್ಲ. ಅವರಿಗೇ ಬೇಡವಾದದ್ದು ನಮಗೆ ಯಾಕೆ ದೊಡ್ಡದಾಗಿ ಕಾಣಬೇಕು? ಗೆಲ್ಲದ ಚುನಾವಣೆಗೆ ಹಾಕುವ ಶಕ್ತಿಯನ್ನು ಸಂಘಟನೆಗೆ ಹಾಕಿದ್ದರೆ ಜಾಸ್ತಿ ಪ್ರಯೋಜನ ಆಗುತ್ತಿತ್ತು ಅಂತ ನನ್ನ ಅನಿಸಿಕೆ.

ಸೌತೆಬಳ್ಳಿ

ಗೆಲ್ಲುವವರು ಮಾತ್ರ ನಿಲ್ಲಬೇಕು ಅಂದರೆ ಹೊಸಬರು ನಿಲ್ಲುವುದೇ ಬೇಡವಾ?

ತುಂಗಾ ತೀರ

ಬಯಲುಸೀಮೆಯವರೇ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ, ಬೈಯುವುದು ಯಾಕೆ? ಆಂಟನಿ, ಸ್ಟಾಂಟನ್ ಇಬ್ಬರೂ ಆ ಸಲ ರಿಪಬ್ಲಿಕನ್ ಪಕ್ಷದ ಬ್ಲೇನ್ ಕಡೆ ಇದ್ದರು. ದೊಡ್ಡ ಪಕ್ಷ ಗೆದ್ದರೆ ಮುಂದೆ ನಮ್ಮ ಮಾತು ಕೇಳುತ್ತಾರೆ ಅನ್ನೋ ಲೆಕ್ಕ. ಲಾಕ್‌ವುಡ್ ಅವರೂ ಅದೇ ಪಕ್ಷದ ಬಾಗಿಲು ತಟ್ಟಿದ್ದರು, ಪಕ್ಷ ಕಿವಿಗೊಡಲಿಲ್ಲ. ಅದೇ ಬೇಸಿಗೆಯಲ್ಲಿ ಹೆಂಗಸರ ಹಕ್ಕಿಗಾಗಿ ಹೋರಾಡುತ್ತಿದ್ದ ಕ್ಯಾಲಿಫೋರ್ನಿಯಾದ ಮರಿಯೆಟಾ ಸ್ಟೊ ಅವರಿಗೆ ಪತ್ರ ಬರೆದರು. ಹೆಂಗಸರು ವೋಟು ಹಾಕುವಂತಿಲ್ಲ ನಿಜ, ಆದರೆ ನಿಲ್ಲಬಾರದು ಅಂತ ಕಾನೂನಿಲ್ಲವಲ್ಲ ಅಂತ. ಸ್ಟೊ ಮತ್ತು ಅವರ ಗೆಳತಿಯರು ಸಮಾನ ಹಕ್ಕುಗಳ ಪಕ್ಷದ ಹೆಸರಲ್ಲಿ ಇವರನ್ನೇ ಅಭ್ಯರ್ಥಿ ಮಾಡಿಬಿಟ್ಟರು. ಆಮೇಲೆ ಸ್ಟೊ ಅವರೇ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾದರು. ‘ನಾನು ವೋಟು ಹಾಕುವಂತಿಲ್ಲ, ಆದರೆ ನನಗೆ ವೋಟು ಹಾಕಬಹುದು’ ಅನ್ನೋ ಅವರ ಮಾತು ಇದೇ ಸಂದರ್ಭದ್ದು.

ಇನ್ನು ಶಕ್ತಿಯನ್ನು ಬೇರೆ ಕಡೆ ಹಾಕಬೇಕಿತ್ತು ಅಂದಿರಿ. ಅದನ್ನು ಅವರು ಮೊದಲೇ ಮಾಡಿ ಮುಗಿಸಿದ್ದರು. 1874ರಲ್ಲಿ ಸರ್ಕಾರದ ವಿರುದ್ಧದ ಕ್ಲೇಮುಗಳನ್ನು ನೋಡುವ ಕೋರ್ಟಿಗೆ ಹೋದಾಗ ನ್ಯಾಯಾಧೀಶರು ‘ನೀವು ಹೆಂಗಸು’ ಅಂದರು. ಒಂದು ವಾರ ಬಿಟ್ಟು ಹೋದರೆ ‘ನೀವು ಮದುವೆಯಾದ ಹೆಂಗಸು’ ಅಂದರು. ಗಂಡನ ಒಪ್ಪಿಗೆ ತಗೊಂಡೇ ಬಂದಿದ್ದೇನೆ ಅಂದರೂ ಕೇಳಲಿಲ್ಲ. 1876ರಲ್ಲಿ ಸುಪ್ರೀಂ ಕೋರ್ಟು, ಹೆಂಗಸರನ್ನು ಸೇರಿಸಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ ಅಂತ ವಾಪಸ್ ಕಳಿಸಿತು. ಸರಿ, ಪದ್ಧತಿ ಇಲ್ಲದಿದ್ದರೆ ಕಾನೂನನ್ನೇ ತರುತ್ತೇನೆ ಅಂತ ಸಂಸತ್ತಿನ ಸದಸ್ಯರ ಹಿಂದೆ ಬಿದ್ದರು. ಒಬ್ಬೊಬ್ಬರನ್ನೇ ಕಂಡು, ಅರ್ಜಿ ಕೊಟ್ಟು, ವರ್ಷಗಟ್ಟಲೆ ಓಡಾಡಿದರು. ಆ ನಡುವೆ 1877ರಲ್ಲಿ ಗಂಡನೂ ತೀರಿಕೊಂಡರು. 1879ರ ಫೆಬ್ರವರಿಯಲ್ಲಿ ಅಧ್ಯಕ್ಷ ಹೇಯ್ಸ್ ಆ ಕಾನೂನಿಗೆ ಸಹಿ ಹಾಕಿದರು. ಮಾರ್ಚ್ 3ಕ್ಕೆ ಬೆಲ್ವಾ ಲಾಕ್‌ವುಡ್ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ವಕೀಲರಾದರು. ಮರುವರ್ಷ ಅಲ್ಲಿ ವಾದ ಮಾಡಿದರು. ಅದೇ ವರ್ಷ ಸ್ಯಾಮ್ಯುಯಲ್ ಲೌರಿ ಎಂಬ ಕಪ್ಪು ವಕೀಲರನ್ನು ಅದೇ ಕೋರ್ಟಿಗೆ ಸೇರಿಸಲು ಸೂಚಿಸಿದವರೂ ಇವರೇ. ಬಾಗಿಲು ತೆಗೆಸಿ ತಾವೊಬ್ಬರೇ ಒಳಗೆ ಹೋಗಿ ಕೂರಲಿಲ್ಲ.

ಒಂದು ವೋಟೂ ಕೈಯಲ್ಲಿಲ್ಲದೆ ದೇಶದ ಕಾನೂನನ್ನು ಬದಲಾಯಿಸಿದವರು ಅವರು. ಅಂಥವರು ಐದು ವರ್ಷದ ಮೇಲೆ ಚುನಾವಣೆಗೆ ನಿಂತರೆ ಅದನ್ನು ಬರೀ ಪ್ರಚಾರ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಬಯಲುಸೀಮೆ

1879ರ ಕಾನೂನಿನ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಅದು ಚುನಾವಣೆಗೆ ಮೊದಲಿನ ಸಾಧನೆ ಅಲ್ವಾ? ಚುನಾವಣೆಯಿಂದ ಏನಾಯಿತು ಅನ್ನೋ ನನ್ನ ಪ್ರಶ್ನೆ ಹಾಗೇ ಇದೆ.

ಮೇಷ್ಟ್ರು

ಪ್ರಣಾಳಿಕೆಯಲ್ಲಿ ಏನಿತ್ತು ಅಂತ ಯಾರೂ ಹೇಳಲಿಲ್ಲ. ಬರೀ ಹೆಂಗಸರ ವೋಟಲ್ಲ. ಮದುವೆ ಮತ್ತು ವಿಚ್ಛೇದನದ ಕಾನೂನು ಎಲ್ಲ ರಾಜ್ಯಗಳಲ್ಲೂ ಒಂದೇ ಥರ ಇರಬೇಕು, ಮದ್ಯದ ವ್ಯಾಪಾರಕ್ಕೆ ಕಡಿವಾಣ ಬೇಕು, ಅಲ್ಲಿನ ಮೂಲನಿವಾಸಿಗಳನ್ನು ಪ್ರಜೆಗಳು ಅಂತ ಒಪ್ಪಬೇಕು, ಹೀಗೆ. ಎಷ್ಟೋ ವಿಷಯದಲ್ಲಿ ದೊಡ್ಡ ಪಕ್ಷಗಳಿಗಿಂತ ಮುಂದಿದ್ದರು.

ಮಗುವಿಗೆ ಇನ್ನೊಂದು ವಿಷಯ ಹೇಳಿ. ಕೆಲವು ಊರುಗಳಲ್ಲಿ ಗಂಡಸರು ಹೆಂಗಸರ ಉದ್ದ ಲಂಗ, ಟೋಪಿ ಹಾಕಿಕೊಂಡು ‘ಬೆಲ್ವಾ ಲಾಕ್‌ವುಡ್ ಕ್ಲಬ್’ ಅಂತ ಮೆರವಣಿಗೆ ಹೋಗಿ ಗೇಲಿ ಮಾಡಿದರು. ಅವರು ವಾಷಿಂಗ್ಟನ್ ಬೀದಿಯಲ್ಲಿ ದೊಡ್ಡವರ ಮೂರು ಚಕ್ರದ ಸೈಕಲ್ ಮೇಲೆ ಕೋರ್ಟಿಗೂ ಆಫೀಸಿಗೂ ಓಡಾಡುತ್ತಿದ್ದರು. ಪತ್ರಿಕೆಗಳು ಅದನ್ನೂ ಬಿಡಲಿಲ್ಲ. ಅವರು ಸೈಕಲ್ಲನ್ನೂ ಬಿಡಲಿಲ್ಲ, ಭಾಷಣವನ್ನೂ ಬಿಡಲಿಲ್ಲ.

ಸೌತೆಬಳ್ಳಿ

ಸೈಕಲ್ ಅಂದಕೂಡಲೇ ನಮ್ಮ ದೊಡ್ಡಮ್ಮ ನೆನಪಾದರು. 1960ರ ದಶಕದಲ್ಲಿ ಹಳ್ಳಿ ಶಾಲೆಗೆ ಟೀಚರ್. ನಾಲ್ಕು ಮೈಲಿ ಸೈಕಲ್ ತುಳಿದು ಹೋಗುತ್ತಿದ್ದರು. ಸೀರೆ ಚೈನಿಗೆ ಸಿಕ್ಕದ ಹಾಗೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರಂತೆ. ಅರಳಿಕಟ್ಟೆ ಮೇಲೆ ಕೂತವರು ದಿನಾ ಏನಾದರೂ ಅನ್ನುತ್ತಿದ್ದರು. ಆಮೇಲೆ ಅವರ ಮನೆ ಮಕ್ಕಳಿಗೇ ದೊಡ್ಡಮ್ಮ ಸೈಕಲ್ ಕಲಿಸಿದರು.

ಹಳೇಪೇಟೆ

ಆ ದೊಡ್ಡಮ್ಮನ ಬಗ್ಗೆ ಬೇರೆಯೇ ಬರೆಯಿರಿ, ಓದಬೇಕು.

ಕುಡ್ಲದ ಅಕ್ಕ

ಅಷ್ಟು ದೂರ ಯಾಕೆ, ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಇಲ್ಲವೇ? 1926ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿಗೆ ನಿಂತರು. ಆಗ ಅವರಿಗೆ 23 ವರ್ಷ. ಇಲ್ಲಿ ಹೆಂಗಸರ ಹಕ್ಕಿಗಾಗಿ ದುಡಿಯುತ್ತಿದ್ದ ಐರಿಶ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಒತ್ತಾಯ ಮಾಡಿ ನಿಲ್ಲಿಸಿದರು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ತೀರಾ ಕಡಿಮೆ ಅಂತರದಲ್ಲಿ ಸೋತರು. ಹೆಂಗಸರಿಗೆ ವೋಟಿಲ್ಲದ ಕಾಲದಲ್ಲಿ ನಮ್ಮ ಊರಿನ ಹೆಣ್ಣುಮಗಳೂ ನಿಂತಿದ್ದರು ಅಂತ ಹೇಳಬಹುದಲ್ಲ.

ವಕೀಲರ ಮನೆ

ಅಕ್ಕ, ಒಂದು ಸಣ್ಣ ತಿದ್ದುಪಡಿ. ಕಮಲಾದೇವಿಯವರ ಹೆಸರು ಬಂದದ್ದು ತುಂಬಾ ಒಳ್ಳೆಯದಾಯಿತು, ಆದರೆ ಅಲ್ಲಿ ಕಥೆ ತಿರುವುಮುರುವು. ಮದ್ರಾಸ್ ಪ್ರಾಂತ್ಯದಲ್ಲಿ 1921ರಲ್ಲೇ ಹೆಂಗಸರಿಗೆ ವೋಟು ಕೊಟ್ಟಿದ್ದರು. ಆಸ್ತಿ, ತೆರಿಗೆಯ ಷರತ್ತು ಇದ್ದಿದ್ದರಿಂದ ವೋಟಿದ್ದ ಹೆಂಗಸರು ತೀರಾ ಕಡಿಮೆ, ಆದರೂ ಹಕ್ಕಂತೂ ಇತ್ತು. ನಿಲ್ಲುವ ಹಕ್ಕು ಮಾತ್ರ ಇರಲಿಲ್ಲ. ಅದು ಸಿಕ್ಕಿದ್ದು 1926ರಲ್ಲಿ. ಸಿಕ್ಕ ಕೂಡಲೇ ಕಮಲಾದೇವಿ ನಿಂತರು.

ಅಂದರೆ ಅಮೆರಿಕದಲ್ಲಿ ನಿಲ್ಲಬಹುದು, ವೋಟು ಹಾಕುವ ಹಾಗಿಲ್ಲ. ಮದ್ರಾಸಿನಲ್ಲಿ ವೋಟು ಹಾಕಬಹುದು, ನಿಲ್ಲುವ ಹಾಗಿಲ್ಲ. ನ್ಯೂಜಿಲೆಂಡ್‌ನಲ್ಲೂ ಮದ್ರಾಸಿನ ಹಾಗೇ. 1893ರಲ್ಲಿ ವೋಟು ಕೊಟ್ಟರು, ಸಂಸತ್ತಿಗೆ ನಿಲ್ಲುವ ಹಕ್ಕು ಬಂದಿದ್ದು 1919ರಲ್ಲಿ. ಮೊದಲ ಮಹಿಳೆ ಗೆದ್ದಿದ್ದು 1933ರಲ್ಲಿ, ವೋಟು ಸಿಕ್ಕ ನಲವತ್ತು ವರ್ಷಕ್ಕೆ!

ಕುಡ್ಲದ ಅಕ್ಕ

ಹೌದಾ! ನಾನು ಇಷ್ಟು ದಿನ ತಪ್ಪು ತಿಳಿದಿದ್ದೆ. ತಿದ್ದಿದ್ದಕ್ಕೆ ಥ್ಯಾಂಕ್ಸ್. ಆದರೂ ಮಗು ಕಮಲಾದೇವಿ ಹೆಸರು ಹೇಳಲಿ, ಈ ತಿರುವುಮುರುವಿನ ಜೊತೆಗೇ ಹೇಳಲಿ.

ನ್ಯೂಜೆರ್ಸಿ ನಿವಾಸಿ

ಬಯಲುಸೀಮೆಯವರ 4,149ಕ್ಕೆ ವಾಪಸ್ ಬರುತ್ತೇನೆ. ಆ ಸಂಖ್ಯೆ ಬಂದಿದ್ದು ಆರು ರಾಜ್ಯಗಳಿಂದ. ನ್ಯೂಯಾರ್ಕ್ 1,336, ಇಲಿನಾಯ್ 1,008, ಕ್ಯಾಲಿಫೋರ್ನಿಯಾ 734, ನ್ಯೂ ಹ್ಯಾಂಪ್‌ಷೈರ್ 379, ಮಿಷಿಗನ್ 374, ಮೇರಿಲ್ಯಾಂಡ್ 318. ಇದು ಚುನಾವಣೆ ಆದಮೇಲೆ ಲಾಕ್‌ವುಡ್ ಅವರೇ ಸಂಸತ್ತಿಗೆ ಸಲ್ಲಿಸಿದ ಅರ್ಜಿಯ ಲೆಕ್ಕ. ಪೆನ್ಸಿಲ್ವೇನಿಯಾದಲ್ಲಿ ತಮಗೆ ಬಿದ್ದ ವೋಟುಗಳನ್ನು ಎಣಿಸದೆ ಕಸಕ್ಕೆ ಎಸೆದರು ಅಂತಲೂ ಅದರಲ್ಲಿ ದೂರಿದ್ದಾರೆ.

ವೋಟನ್ನು ಎಸೆಯುವುದು ಹೇಗೆ ಸಾಧ್ಯ ಅಂತ ಕೇಳಬಹುದು. ಆಗ ಅಮೆರಿಕದಲ್ಲಿ ಸರ್ಕಾರ ಮುದ್ರಿಸಿದ ಮತಪತ್ರ ಇರಲಿಲ್ಲ. ಒಂದೊಂದು ಪಕ್ಷವೂ ತನ್ನ ಚೀಟಿಯನ್ನು ತಾನೇ ಮುದ್ರಿಸಿ ಹಂಚುತ್ತಿತ್ತು. ಮತದಾರ ಆ ಚೀಟಿ ತಂದು ಪೆಟ್ಟಿಗೆಗೆ ಹಾಕಬೇಕು. ಚೀಟಿಯ ಬಣ್ಣ, ಅಳತೆ ನೋಡಿದರೆ ಸಾಕು, ಯಾವ ಪಕ್ಷದ್ದು ಅಂತ ನಿಂತವರಿಗೆಲ್ಲ ಗೊತ್ತಾಗುತ್ತಿತ್ತು. ಗುಟ್ಟಾಗಿ ವೋಟು ಹಾಕುವ ಪದ್ಧತಿ ರಾಜ್ಯಗಳಲ್ಲಿ ಶುರುವಾಗಿದ್ದೇ 1888ರಿಂದ ಈಚೆಗೆ. ದೊಡ್ಡ ಪಕ್ಷಗಳಿಗೆ ಊರೂರಲ್ಲಿ ಚೀಟಿ ಹಂಚುವ ಜನ ಇದ್ದರು. ಲಾಕ್‌ವುಡ್‌ಗೆ ಎಲ್ಲಿಂದ ಬರಬೇಕು? ಎಣಿಸುವ ಕಡೆ ಅವರ ಪರವಾಗಿ ನೋಡಿಕೊಳ್ಳುವವರು ಯಾರು?

ಬಯಲುಸೀಮೆ

ಚೀಟಿ ವಿಷಯ ಹೊಸದು ನನಗೆ. ಆಗ 4,149 ಅನ್ನೋದನ್ನು ಬೇರೆ ಥರ ನೋಡಬೇಕಾಗುತ್ತದೆ, ಒಪ್ಪುತ್ತೇನೆ.

ಆದರೂ ನನ್ನ ತಕರಾರು ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ನಮ್ಮ ಕಡೆ ಪಂಚಾಯಿತಿಯಲ್ಲಿ ಮಹಿಳಾ ಮೀಸಲಾತಿ ಬಂದು ಎಷ್ಟೋ ವರ್ಷ ಆಯಿತು. ಅಧ್ಯಕ್ಷೆಯ ಹೆಸರು ಬೋರ್ಡಿನಲ್ಲಿ ಇರುತ್ತದೆ, ಕುರ್ಚಿಯಲ್ಲಿ ಗಂಡ ಕೂತಿರುತ್ತಾನೆ. ಸಹಿ ಮಾತ್ರ ಆಕೆಯದು. ಅದನ್ನು ನೋಡಿ ನೋಡಿ ಬರೀ ಹೆಸರಿಗೆ ನಿಲ್ಲುವುದು ಅಂದರೆ ನನಗೆ ಸಿಟ್ಟು ಬರುತ್ತದೆ.

ತುಂಗಾ ತೀರ

ಆ ಸಿಟ್ಟು ನನಗೂ ಇದೆ. ಆದರೆ ಅಲ್ಲಿ ಯಾರೋ ನಿಲ್ಲಿಸಿದ್ದು, ಇಲ್ಲಿ ತಾವೇ ನಿಂತದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಹೊಂಗೆ ನೆರಳು

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಪಂಚಾಯಿತಿ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಅಮ್ಮ 1987ರಲ್ಲಿ ಮಂಡಲ ಪಂಚಾಯಿತಿಗೆ ನಿಂತಿದ್ದರು. ಮೊದಲ ಸಲ ಕರ್ನಾಟಕದಲ್ಲಿ ಹೆಂಗಸರಿಗೆ ನಾಲ್ಕನೇ ಒಂದು ಭಾಗ ಮೀಸಲು ಸಿಕ್ಕಿದ್ದ ಚುನಾವಣೆ. ಆದರೆ ಅಮ್ಮ ನಿಂತದ್ದು ಮೀಸಲು ಸ್ಥಾನಕ್ಕಲ್ಲ, ಸಾಮಾನ್ಯ ಸ್ಥಾನಕ್ಕೆ. ಊರಿನ ಬೋರ್‌ವೆಲ್ ಕೆಟ್ಟು ಒಂದು ವರ್ಷವಾಗಿತ್ತು, ಯಾರೂ ರಿಪೇರಿ ಮಾಡಿಸಿರಲಿಲ್ಲ. ಅದೇ ಅವರ ಒಂದೇ ಮಾತು. ಅಪ್ಪನಿಗೆ ಇಷ್ಟ ಇರಲಿಲ್ಲ, ಆದರೆ ತಡೆಯಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಮನೆ ಮನೆಗೆ ಹೋಗುತ್ತಿದ್ದರು, ಲಾಟೀನು ಹಿಡಿದು ನಾನು ಹಿಂದೆ. ಹೆಂಗಸರು ಅಡಿಗೆಮನೆ ಬಾಗಿಲಿಗೆ ಬಂದು ಪಿಸುಮಾತಲ್ಲಿ ಹೇಳುತ್ತಿದ್ದರು, ‘ನಿಂಗೇ ಹಾಕ್ತೀವಿ ಅಕ್ಕ, ನಮ್ಮನೆಯವ್ರಿಗೆ ಮಾತ್ರ ಹೇಳ್ಬೇಡ’ ಅಂತ.

ಅಮ್ಮ ಸೋತರು. ಆದರೆ ಎಣಿಕೆ ಆದ ಮೇಲೆ ಊರಲ್ಲಿ ಎಲ್ಲರಿಗೂ ಒಂದು ಲೆಕ್ಕ ಸಿಕ್ಕಿತು, ಇಷ್ಟು ಜನ ಬೋರ್‌ವೆಲ್ ಕಡೆ ಇದ್ದಾರೆ ಅಂತ. ಗೆದ್ದವರು ಎರಡು ತಿಂಗಳಲ್ಲಿ ರಿಪೇರಿ ಮಾಡಿಸಿದರು. ಚುನಾವಣೆಯಿಂದ ಏನಾಯಿತು ಅಂತ ಬಯಲುಸೀಮೆಯವರು ಕೇಳಿದ್ದಕ್ಕೆ ನನಗೆ ಗೊತ್ತಿರುವ ಉತ್ತರ ಇದು. ಮುಂದಿನ ಚುನಾವಣೆಯಲ್ಲಿ ಅಮ್ಮ ಗೆದ್ದರು, ಅದು ಬೇರೆ ಕಥೆ.

ಗರಗಸ

ಲಾಟೀನು ಹಿಡಿದ ಮಗಳು ಕಣ್ಣಿಗೆ ಕಟ್ಟಿದ ಹಾಗಾಯಿತು. ಅಮ್ಮನಿಗೆ ನಮಸ್ಕಾರ ತಿಳಿಸಿ.

ಅಂಗಳದ ಮಲ್ಲಿಗೆ

ರಾತ್ರಿ ಊಟ ಮಾಡುತ್ತಾ ಇದೆಲ್ಲ ಮಗಳಿಗೆ ಓದಿ ಹೇಳಿದೆ. ಚೀಟಿಯ ಬಣ್ಣ ಎಲ್ಲರಿಗೂ ಕಾಣುತ್ತಿತ್ತು ಅನ್ನೋದನ್ನು ಓದಿದಾಗ ತುತ್ತು ಹಾಗೇ ಕೈಯಲ್ಲಿ ಹಿಡಿದು ಕೂತಳು. ಆಮೇಲೆ ಕೇಳಿದಳು, ‘ಅಮ್ಮ, ಹಾಗಾದ್ರೆ ಆ 4,149 ಜನ ಎಲ್ಲರೂ ಗಂಡಸರೇ ಅಲ್ವಾ?’

ನನಗೆ ಇದು ತಲೆಗೇ ಹೋಗಿರಲಿಲ್ಲ. ಅವಳು ಕೇಳಿದ್ದು ಸರೀನಾ? ಎಲ್ಲೋ ಒಂದೆರಡು ಕಡೆ ಆಗಲೇ ಹೆಂಗಸರಿಗೆ ವೋಟು ಇತ್ತು ಅಂತ ಓದಿದ ನೆನಪು.

ವಕೀಲರ ಮನೆ

ಪೂರ್ತಿ ಸರಿ. ವಯೋಮಿಂಗ್‌ನಲ್ಲಿ 1869ರಿಂದ, ಯೂಟಾದಲ್ಲಿ 1870ರಿಂದ ಹೆಂಗಸರು ವೋಟು ಹಾಕುತ್ತಿದ್ದರು. ಆದರೆ 1884ರಲ್ಲಿ ಅವೆರಡೂ ಇನ್ನೂ ರಾಜ್ಯಗಳಾಗಿರಲಿಲ್ಲ, ಹಾಗಾಗಿ ಅಧ್ಯಕ್ಷ ಚುನಾವಣೆಯಲ್ಲಿ ಅಲ್ಲಿಯವರಿಗೆ ವೋಟು ಇರಲಿಲ್ಲ. ಲಾಕ್‌ವುಡ್‌ಗೆ ಬಿದ್ದ ಒಂದೊಂದು ವೋಟೂ ಗಂಡಸಿನದೇ.

ಇನ್ನೊಂದು ವಿಷಯ. ಅವರು ಇದ್ದ ವಾಷಿಂಗ್ಟನ್ ನಗರವೂ ಯಾವ ರಾಜ್ಯಕ್ಕೂ ಸೇರಿದ್ದಲ್ಲ. ಅಲ್ಲಿನ ಜನ ಅಧ್ಯಕ್ಷ ಚುನಾವಣೆಯಲ್ಲಿ ಮೊದಲು ವೋಟು ಹಾಕಿದ್ದು 1964ರಲ್ಲಿ. ಅಂದರೆ ಅವರು ಗಂಡಸಾಗಿದ್ದರೂ ಆ ವಿಳಾಸದಿಂದ ತಮಗೆ ತಾವು ವೋಟು ಹಾಕಿಕೊಳ್ಳುವಂತಿರಲಿಲ್ಲ.

ನ್ಯೂಜೆರ್ಸಿ ನಿವಾಸಿ

ಮಗಳು ನಾವು ಯಾರೂ ನೋಡದ ಕಡೆ ನೋಡಿದ್ದಾಳೆ. ಒಂದು ಕಡೆ ಲಂಗ ಹಾಕಿಕೊಂಡು ಗೇಲಿ ಮಾಡುವವರ ಮೆರವಣಿಗೆ. ಇನ್ನೊಂದು ಕಡೆ ಅಕ್ಕಪಕ್ಕದವರು ನೋಡುತ್ತಿದ್ದಂತೆಯೇ ಅವರ ಚೀಟಿ ಹಿಡಿದು ಪೆಟ್ಟಿಗೆ ಹತ್ತಿರ ಹೋದ ಗಂಡಸರು. ಇಲಿನಾಯ್‌ನಲ್ಲಿ ಸಾವಿರದ ಎಂಟು ಮಂದಿ! ಅವರು ಯಾರು, ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿದರು ಅಂತ ನಾನು ಬೆಳಗಿನಿಂದ ಯೋಚಿಸುತ್ತಿದ್ದೇನೆ.

ಹೊಂಗೆ ನೆರಳು

ಅಮ್ಮನಿಗೆ ಓದಿ ಹೇಳಿದೆ. ಈಗ 78 ಅವರಿಗೆ. ‘ನಂಗೆ ಕದ್ದು ಹಾಕಿದ್ರು, ಆಯಮ್ಮಂಗೆ ಎದುರಾ ಎದುರೇ ಹಾಕಿದ್ರಾ?’ ಅಂದರು. ಇನ್ನೊಂದು ಸಲ ಓದಿಸಿಕೊಂಡರು.

ಬಯಲುಸೀಮೆ

ಮಲ್ಲಿಗೆಯವರೇ, ಮಗಳಿಗೆ ಹೇಳಿ, ನಾನು ನನ್ನ ಮಾತು ವಾಪಸ್ ತಗೊಂಡೆ. ಅವರು ನಿಲ್ಲದೇ ಹೋಗಿದ್ದರೆ ಆ 4,149 ಮಂದಿ ಯಾವ ಚೀಟಿ ಹಾಕಬೇಕಿತ್ತು? ಹೆಂಗಸರ ಕಡೆ ಇದ್ದ ಗಂಡಸರಿಗೆ ಅದನ್ನು ಹೇಳಲು ಒಂದು ಚೀಟಿಯೇ ಇರುತ್ತಿರಲಿಲ್ಲ.

ಒಂದು ಪ್ರಶ್ನೆ. ಅವರು ಬದುಕಿದ್ದಾಗ ವೋಟು ಸಿಕ್ಕಿತಾ?

ತುಂಗಾ ತೀರ

ಇಲ್ಲ. 1917ರ ಮೇ ತಿಂಗಳಲ್ಲಿ ತೀರಿಕೊಂಡರು, 86 ವರ್ಷ. ಹೆಂಗಸರಿಗೆ ವೋಟು ಕೊಟ್ಟ ಸಂವಿಧಾನದ 19ನೇ ತಿದ್ದುಪಡಿ ಬಂದಿದ್ದು ಮೂರು ವರ್ಷ ಬಿಟ್ಟು. ಆದರೆ ಕೊನೆಯವರೆಗೂ ಕೆಲಸ ಬಿಟ್ಟವರಲ್ಲ. ಚೆರೋಕಿ ಮೂಲನಿವಾಸಿಗಳಿಗೆ ಸರ್ಕಾರ ಕೊಡಬೇಕಿದ್ದ ಬಾಕಿಗಾಗಿ 75ನೇ ವಯಸ್ಸಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡಿದರು. 1906ರಲ್ಲಿ ಗೆದ್ದರು. ಸುಮಾರು 50 ಲಕ್ಷ ಡಾಲರ್.

ಮೇಷ್ಟ್ರು

ಭಾಷಣಕ್ಕೆ ಎಷ್ಟು ನಿಮಿಷ ಕೊಟ್ಟಿದ್ದಾರೆ? ಇಷ್ಟೆಲ್ಲ ಹೇಳಲು ಆಗುವುದಿಲ್ಲ. ಪತ್ರದ ಭಾಗ ಒಂದು, ಚೀಟಿಯ ಭಾಗ ಒಂದು, ಸಾಕು.

ಅಂಗಳದ ಮಲ್ಲಿಗೆ

ಐದು ನಿಮಿಷ ಮೇಷ್ಟ್ರೇ. ಮೊದಲ ಸಾಲು ಬರೆದಾಗಿದೆ. ‘4,149 ಗಂಡಸರ ಬಗ್ಗೆ ಹೇಳಿ ನನ್ನ ಭಾಷಣ ಶುರು ಮಾಡುತ್ತೇನೆ’ ಅಂತ. ವಿಷಯ ‘ನಾನು ಮೆಚ್ಚಿದ ಮಹಿಳೆ’ ಕಣೆ ಅಂದೆ. ‘ಗೊತ್ತಮ್ಮ, ಇರು’ ಅಂತ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದಾಳೆ. ಶುಕ್ರವಾರ ಸ್ಪರ್ಧೆ.

ಕುಡ್ಲದ ಅಕ್ಕ

ಕಮಲಾದೇವಿ ಹೆಸರು ಬಿಟ್ಟುಹೋಗದ ಹಾಗೆ ನೋಡಿಕೊಳ್ಳಿ. ಶುಕ್ರವಾರ ರಾತ್ರಿ ಇಲ್ಲೇ ಕಾಯುತ್ತಿರುತ್ತೇನೆ.